ಮಡಿಲಿಗೆ ಹಾಕಿದ ಮಾತು

ಬೆಳಿಗ್ಗೆ ತಿಂಡಿಯಾದ ಮೇಲೆ ಮಗಳು ಮಾತ್ರೆಯ ಹಾಳೆಯನ್ನು ಚಟ್ ಎಂದು ಒಡೆದಳು. ಆ ವಾಸನೆ ಮೂಗಿಗೆ ಬಂತು. ಮಳೆಯಲ್ಲಿ ನೆನೆದ ಗುದ್ದಲಿಯನ್ನು ಒರೆಸದೆ ಮೂಲೆಗಿಟ್ಟರೆ ಎರಡು ದಿನಕ್ಕೆ ಬರುತ್ತದಲ್ಲ, ಅಂಥ ತುಕ್ಕಿನ ವಾಸನೆ. ಕಬ್ಬಿಣದ ಮಾತ್ರೆ. ಅವಳಿಗೀಗ ಎಂಟು ತುಂಬಿದೆ, ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಮೂಗು ಹಿಡಿದು ನುಂಗಿ, ನಾನು ನೋಡಿದೆನೋ ಇಲ್ಲವೋ ಎಂದು ನನ್ನ ಮುಖ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ. ನಾನು ಅವಳ ವಯಸ್ಸಿನಲ್ಲಿ ಆ ಮಾತ್ರೆಯನ್ನು ನುಂಗಿದವಳೇ ಅಲ್ಲ. ನುಂಗದೆ ಸಿಕ್ಕಿಬಿದ್ದವಳು. ಹಿಡಿದವರು ನಮ್ಮೂರ ಸಿಸ್ಟರಮ್ಮ...

ತೊಂಬತ್ತರ ದಶಕದ ನಡುವೆ ನಾನು ರಾಂಪುರದ ಕಡೆಯ ನನ್ನೂರು ಬಿಟ್ಟು ತಳಕಿನ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದೆ. ಶೇಂಗಾ, ಈರುಳ್ಳಿ ಬೆಳೆಯುವ ಮನೆ. ಊರ ಕೊನೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಎರಡು ಕೋಣೆಯ ಸರ್ಕಾರಿ ಕಟ್ಟಡವಿತ್ತು. ಒಂದು ಕೋಣೆ ಆಸ್ಪತ್ರೆ, ಇನ್ನೊಂದರಲ್ಲಿ ಸಿಸ್ಟರಮ್ಮನ ವಾಸ. ಡಾಕ್ಟರು ಬೇಕೆಂದರೆ ತಳಕು, ಅದೂ ಸಾಲದಿದ್ದರೆ ಚಳ್ಳಕೆರೆ. ಉಳಿದದ್ದಕ್ಕೆಲ್ಲ ಇವರೇ. ಹುಟ್ಟಿದ ಊರು ಕರಾವಳಿಯ ಕಡೆ. ಮೂವತ್ತರ ಆಸುಪಾಸಿನ ಸಣಕಲು ಹೆಂಗಸು. ಒಂದು ಹಳೆಯ ಮೊಪೆಡ್ಡು, ಅದರ ಹ್ಯಾಂಡಲಿಗೆ ಕಪ್ಪು ಕೊಡೆ. ನಮ್ಮ ಕಡೆಯ ಕೆಂಧೂಳಿನಲ್ಲಿ ದಿನಾ ಬಿಳಿ ಸೀರೆ ಉಡುವ ಧೈರ್ಯ ಅವರೊಬ್ಬರಿಗೇ ಇದ್ದದ್ದು. ಅವರು ‘ಎಂತ ಮಾರಾಯ್ತಿ’ ಎಂದರೆ ನಾವು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ಅವರಿಗೊಂದು ಹೆಸರಿತ್ತು, ಆದರೆ ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ನಾನೂ ಇಲ್ಲಿ ಸಿಸ್ಟರಮ್ಮ ಎಂದೇ ಬರೆಯುತ್ತೇನೆ.

ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನನಗೆ ನಾಲ್ಕು ತಿಂಗಳಾದಾಗ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತ ಸಾಲದು ಎಂದು ಹೇಳಿ, ನೂರು ಮಾತ್ರೆ ಕೊಟ್ಟು ಹೋದರು. ಒಂದು ನುಂಗಿದೆ. ವಾಂತಿಯಾಯಿತು. ಅಲ್ಲಿಂದ ಮುಂದೆ ದಿನಕ್ಕೊಂದರಂತೆ ಲೆಕ್ಕ ತಪ್ಪದೆ ಈರುಳ್ಳಿ ಸಿಪ್ಪೆಯ ಗುಡ್ಡೆಯೊಳಗೆ ತೂರಿಸುತ್ತಾ ಬಂದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ತಿಂಗಳಾದ ಮೇಲೆ ಬಂದ ಸಿಸ್ಟರಮ್ಮ ಮಾತ್ರೆ ನುಂಗಿದೆಯಾ ಎಂದು ಕೇಳಲೇ ಇಲ್ಲ. ಅತ್ತೆ, ಪಕ್ಕದ ಮನೆಯವರು, ಎಲ್ಲರೂ ಕೂತಿದ್ದ ಪಡಸಾಲೆಯಲ್ಲೇ, “ಬೆಳಿಗ್ಗೆ ಹೊರಗೆ ಹೋದಾಗ ಕಪ್ಪಗೆ ಹೋಗ್ತದಾ, ಹಳದಿಯಾ?” ಎಂದರು. ನಾನು ನಾಚಿಕೆಯಿಂದ ನೆಲ ನೋಡುತ್ತಾ, ಹಳದಿ ಎಂದೆ. “ಹಾಗಾದರೆ ಮಾತ್ರೆ ತಿಪ್ಪೆಗೆ ಹೋಗಿದೆ,” ಎಂದು ಎದ್ದು ಕೊಡೆ ತೆಗೆದುಕೊಂಡರು. ಆ ಮಾತ್ರೆ ಹೊಟ್ಟೆಗೆ ಹೋದರೆ ಬಣ್ಣ ಕಪ್ಪಾಗುತ್ತದೆಂದು ನನಗೇನು ಗೊತ್ತಿತ್ತು... ಅಂದಿನಿಂದ ಅತ್ತೆ ಎದುರು ನಿಂತು ನುಂಗಿಸತೊಡಗಿದರು. ನಾನು ಸಿಸ್ಟರಮ್ಮನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಶಾಪ ಹಾಕುತ್ತಲೇ ಅವರ ಕೈಕೆಲಸ ನೋಡುತ್ತಾ ಬಂದೆ. ಶೇಂಗಾ ಸುಗ್ಗಿಯಲ್ಲಿ ನಮ್ಮ ಕಡೆ ಎಲ್ಲರ ಮನೆಯ ಅಂಗಳದಲ್ಲೂ ಕಾಯಿ ಒಣಗುತ್ತಿರುತ್ತದೆ. ಹಲ್ಲು ಬಾರದ ಮಕ್ಕಳು ಅದರ ಮೇಲೇ ಅಂಬೆಗಾಲಿಡುತ್ತವೆ. ಒಂದು ಮಧ್ಯಾಹ್ನ ಎದುರು ಮನೆಯ ಮಗುವಿಗೆ ಬೀಜ ಗಂಟಲಲ್ಲಿ ಸಿಕ್ಕಿ ತುಟಿ ನೇರಳೆಯಾಯಿತು. ಅದರ ಅಜ್ಜಿ ಬಾಯಿಗೆ ಬೆರಳು ಹಾಕಲು ಹೋದರು, ತಾಯಿ ನೀರು ತರಲು ಓಡಿದಳು. ಸಿಸ್ಟರಮ್ಮ ಮೊಪೆಡ್ಡನ್ನು ನಿಲ್ಲಿಸಲೂ ಇಲ್ಲ, ಅದು ತಾನೇ ಬಿತ್ತು. ಮಗುವನ್ನು ಕಿತ್ತುಕೊಂಡು, ತಲೆ ಕೆಳಗೆ ಮಾಡಿ ಮುಂಗೈ ಮೇಲೆ ಬೋರಲು ಹಾಕಿ, ಬೆನ್ನಿಗೆ ಪಟಪಟ ಗುದ್ದಿದರು. ನಾಲ್ಕನೆಯದಕ್ಕೋ ಐದನೆಯದಕ್ಕೋ ಬೀಜ ಹೊರಬಿತ್ತು, ಮಗು ಕಿರುಚಿತು. ಅವರು ಅಜ್ಜಿಗೆ ಬೈದರು, ತಾಯಿಗೆ ಬೈದರು, ಆಮೇಲೆ ಕಟ್ಟೆಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದರು. ಟ್ರ್ಯಾಕ್ಟರಿನಿಂದ ಬಿದ್ದು ತೊಡೆ ಮುರಿದವನನ್ನು ಇಬ್ಬರ ನಡುವೆ ಬೈಕಿನಲ್ಲಿ ಕೂರಿಸಿಕೊಂಡು ಹೊರಟವರನ್ನು ಅಡ್ಡಗಟ್ಟಿ ಇಳಿಸಿ, ಅವರದೇ ಮನೆಯ ಬಾಗಿಲು ಕಳಚಿಸಿ ಅದರ ಮೇಲೆ ಮಲಗಿಸಿ ಕಳಿಸಿದ್ದೂ ಇವರೇ. ಆ ಬಾಗಿಲು ವಾಪಸು ಬರುವವರೆಗೆ ಆ ಮನೆಯವರು ಚಾಪೆ ಕಟ್ಟಿಕೊಂಡು ಮಲಗಿದರು.

ಆದರೆ ನಾನು ಹೇಳಹೊರಟದ್ದು ಅವರ ಕುಬುಸದ ಸಂಗತಿ. ಕುಬುಸ ಎಂದರೆ ನಮ್ಮಲ್ಲಿ ಚೊಚ್ಚಲ ಬಸುರಿಗೆ ಗಂಡನ ಮನೆಯಲ್ಲಿ ಮಾಡುವ ಶಾಸ್ತ್ರ. ತವರಿನವರು ಸೀರೆ, ಕುಬುಸ, ಬಳೆ ತಂದು, ಐದು ಜನ ಮುತ್ತೈದೆಯರು ಮಡಿಲಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ, ಊಟ ಮುಗಿಸಿ ಮಗಳನ್ನು ಕರೆದುಕೊಂಡು ಹೋಗುವುದು. ನಾನು ಈ ಊರಿಗೆ ಬರುವ ಮುಂಚೆ ಇಲ್ಲಿ ಒಬ್ಬ ಬಾಣಂತಿ ತೀರಿಕೊಂಡಿದ್ದಳಂತೆ. ಹೆತ್ತ ಮೇಲೆ ರಕ್ತ ನಿಲ್ಲಲಿಲ್ಲ. ಮನೆ ಮುಂದೆ ಟ್ರ್ಯಾಕ್ಟರ್ ನಿಂತಿತ್ತು, ಕೀಲಿ ಮಾತ್ರ ಯಜಮಾನನ ಜೇಬಿನಲ್ಲಿ ಚಳ್ಳಕೆರೆಯ ಶೇಂಗಾ ಮಂಡಿಗೆ ಹೋಗಿತ್ತು. ಸಿಸ್ಟರಮ್ಮನೂ ಅವತ್ತು ಯಾವುದೋ ಮೀಟಿಂಗಿಗೆ ಹೋಗಿದ್ದರು. ವಾಪಸು ಬಂದು ಬಸ್ಸು ಇಳಿಯುವಾಗ ಅಳು ಕೇಳಿಸಿತಂತೆ.

ಆಮೇಲೆ ಯಾರ ಮನೆಯಲ್ಲಿ ಕುಬುಸವಾದರೂ ಕರೆದರೂ ಬಿಟ್ಟರೂ ಅವರು ಹಾಜರ್. ಹೆಂಗಸರೆಲ್ಲ ಮಡಿಲಕ್ಕಿ ಹಾಕಿ ಮುಗಿಸುವವರೆಗೆ ಸುಮ್ಮನೆ ಕೂತಿದ್ದು, ಆರತಿ ಎತ್ತುವ ಹೊತ್ತಿಗೆ ಎದ್ದು ನಿಂತು, ಹೊರಗೆ ಕಟ್ಟೆಯ ಮೇಲಿದ್ದ ಗಂಡಸರನ್ನು ಒಳಗೆ ಕರೆಯುತ್ತಿದ್ದರು. ಗಾಡಿ ಯಾರದು, ಕೀಲಿ ಎಲ್ಲಿರುತ್ತದೆ, ಓಡಿಸುವವರು ಯಾರು, ರಕ್ತ ಬೇಕಾದರೆ ಕೊಡುವವರು ಯಾರು. ಒಪ್ಪಿದವನು ಎಲ್ಲರ ಮುಂದೆ ಅದನ್ನು ಬಾಯಿಬಿಟ್ಟು ಹೇಳಿ, ಒಂದು ಹಿಡಿ ಅಕ್ಕಿಯನ್ನು ಬಸುರಿಯ ಮಡಿಲಿಗೆ ಹಾಕಬೇಕು. ಹಿರಿಯರು ಮೊದಲು ಕುಣಿದಾಡಿದರು. ಗಂಡಸು ಮಡಿಲು ತುಂಬುವುದೆಂದರೇನು, ಎಲ್ಲಿಯ ಶಾಸ್ತ್ರ ಎಂದರು. ಹೆಂಗಸರ ಹತ್ತಿರ ಟ್ರ್ಯಾಕ್ಟರ್ ಕೀಲಿ ಇದೆಯಾ, ಇದ್ದರೆ ಹೆಂಗಸರೇ ಹಾಕಲಿ ಎಂದರಂತೆ ಸಿಸ್ಟರಮ್ಮ. ಅವರು ನಮ್ಮ ಜನರನ್ನು ಚೆನ್ನಾಗಿ ಓದಿಕೊಂಡಿದ್ದರು. ಕಾಗದದ ಮೇಲೆ ಬರೆದ ಮಾತನ್ನು ನಮ್ಮವರು ಮರೆಯಬಹುದು, ಮಡಿಲಿಗೆ ಹಾಕಿದ ಮಾತನ್ನು ತಪ್ಪಲು ಹೆದರುತ್ತಾರೆ.

ನನ್ನ ಸರದಿ ಬಂದಾಗ ತೊಡಕಾದದ್ದು ರಕ್ತದ ವಿಷಯದಲ್ಲಿ. ಚಳ್ಳಕೆರೆಯಲ್ಲಿ ಪರೀಕ್ಷೆ ಮಾಡಿಸಿದರೆ ನನ್ನದು ಓ ನೆಗೆಟಿವ್. ಅಪರೂಪದ್ದು, ಬೇರೆ ಯಾವುದೂ ಇದಕ್ಕೆ ಹೊಂದುವುದಿಲ್ಲ ಎಂದರು ಸಿಸ್ಟರಮ್ಮ. ಹಿಂದೆ ಊರಿನಲ್ಲಿ ಅವರೇ ನಡೆಸಿದ್ದ ಶಿಬಿರದಲ್ಲಿ ಗಂಡಸರೆಲ್ಲರ ಗುಂಪು ನೋಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಹುಡುಕಿದರೆ ಇಡೀ ಊರಿಗೆ ಒಬ್ಬನೇ ಒಬ್ಬ. ಅದೂ ಯಾರು? ನಮ್ಮ ಮನೆಯವರ ದೊಡ್ಡಪ್ಪನ ಮಗ. ಗೋಡೆಯಾಚೆಯ ಮನೆ. ನನಗೆ ಭಾವನಾಗಬೇಕು. ಬದುವಿನ ಮೇಲಿದ್ದ ಬೇವಿನ ಮರವನ್ನು ಯಾರು ಕಡಿದರು ಎಂಬ ಜಗಳದಲ್ಲಿ ಎರಡು ಮನೆಗೆ ಹನ್ನೊಂದು ವರ್ಷದಿಂದ ಮಾತಿಲ್ಲ. ಒಬ್ಬರ ಮನೆಯ ಅನ್ನ ನೀರು ಇನ್ನೊಬ್ಬರು ಮುಟ್ಟುವುದಿಲ್ಲ. ನಾನು ಆ ಮನುಷ್ಯನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ.

ಸಿಸ್ಟರಮ್ಮ ಆ ಭಾವನನ್ನೂ ಕುಬುಸಕ್ಕೆ ಕರೆತಂದರು. ಏನು ಹೇಳಿ ಒಪ್ಪಿಸಿದರೋ ಇವತ್ತಿಗೂ ಗೊತ್ತಿಲ್ಲ. ಹೊಸ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಹಾಕಿಕೊಂಡು ಮಣೆಯ ಮೇಲೆ ಕೂತಿದ್ದ ನನಗೆ, ಶುಭದ ದಿನ ರಕ್ತದ ಮಾತೆತ್ತಿದ್ದೇ ಅವಮಾನವಾಗಿ ಕಿವಿ ಬಿಸಿಯಾಗಿತ್ತು. ಮೈದುನ ಜೀಪಿನ ಕೀಲಿ ತನ್ನ ಹತ್ತಿರವೇ ಇರುತ್ತದೆಂದು ಹೇಳಿ ಅಕ್ಕಿ ಹಾಕಿದ. ಆಮೇಲೆ ಬಾಗಿಲಲ್ಲಿ ಒಂದು ದೊಡ್ಡ ಆಕೃತಿ ನಿಂತಿತು. ಭಾವ ಯಾರನ್ನೂ ನೋಡದೆ ಬಂದು, ಮೊರದಲ್ಲಿದ್ದ ಅಕ್ಕಿಯಲ್ಲಿ ಕೈಯಿಟ್ಟು, ಒಂದು ದೊಡ್ಡ ಹಿಡಿ ತೆಗೆದು ನನ್ನ ಸೆರಗಿಗೆ ಸುರಿದರು.

“ಈಯಮ್ಮಂಗೆ ಬೇಕಾದ್ರೆ ನನ್ ರಕ್ತ ಕೊಡ್ತೀನಿ,” ಎಂದರು. ಅಷ್ಟೇ. ಎಲೆ ಹಾಕಿದ್ದರೂ ಊಟಕ್ಕೆ ನಿಲ್ಲಲಿಲ್ಲ. ಮಾವನ ಮುಖ ಸಿಟ್ಟಿನಿಂದ ಕೆಂಪಾಗಿತ್ತು, ಆದರೆ ಮಡಿಲಿಗೆ ಬಿದ್ದದ್ದನ್ನು ತೆಗೆದುಹಾಕು ಎನ್ನಲು ಅವರಿಗೂ ಬಾಯಿ ಬರಲಿಲ್ಲ.

ಮಾರನೆಯ ದಿನ ಮಡಿಲಕ್ಕಿಯ ಗಂಟಿನೊಡನೆ ತವರಿಗೆ ಬಂದೆ. ನಮ್ಮವ್ವ ಶಾಸ್ತ್ರ ಸಂಪ್ರದಾಯದಲ್ಲಿ ಗಟ್ಟಿಗಿತ್ತಿ. ತವರಿಗೆ ಬಂದ ಮಡಿಲಕ್ಕಿಯನ್ನು ಐದು ದಿನದೊಳಗೆ ಬೇಯಿಸಿ ಪಾಯಸ ಮಾಡಿ ನೆಂಟರಿಗೆಲ್ಲ ಉಣಬಡಿಸುವುದು ನಮ್ಮಲ್ಲಿ ಮೊದಲಿಂದ ಇದ್ದ ಪದ್ಧತಿ. ಅವ್ವ ಹಾಗೇ ಮಾಡಿದಳು. ಬೆಲ್ಲ ಹಾಕಿ, ಗಸಗಸೆ ಅರೆದು ಹಾಕಿ, ಕೇರಿಗೆಲ್ಲ ಹಂಚಿದಳು. ಎರಡು ಲೋಟ ನಾನೇ ಕುಡಿದೆ. ಬಹಳ ಚೆನ್ನಾಗಿತ್ತು.

ಒಂಬತ್ತು ತುಂಬಲು ಇನ್ನೂ ಎರಡು ವಾರವಿತ್ತು. ಒಂದು ಬೆಳಿಗ್ಗೆ ಹೂ ಕಟ್ಟುತ್ತಾ ಕೂತವಳು ಎದ್ದು ನಿಂತರೆ ಸೀರೆಯೆಲ್ಲ ಒದ್ದೆ. ರಕ್ತ. ನೋವು ಮಾತ್ರ ಚೂರೂ ಇಲ್ಲ. ಗಾಬರಿಯಾದರೆ ಅವ್ವನಿಗೆ ತೆಲುಗೇ ಬಾಯಿಗೆ ಬರುತ್ತಿತ್ತು. ವದ್ದು ವದ್ದು, ಎಲ್ಲಿಗೂ ಹೋಗುವುದು ಬೇಡ, ನೋವಿಲ್ಲವಲ್ಲ, ಮಲಗು ಎಂದಳು. ನಾನು ಮಲಗಲಿಲ್ಲ. ನಾನು ತವರಿಗೆ ಹೊರಡುವ ಹಿಂದಿನ ದಿನ ಸಿಸ್ಟರಮ್ಮ ನನ್ನ ಗದ್ದ ಹಿಡಿದು ತಿರುಗಿಸಿ, “ನೋವಿದ್ದರೆ ಸ್ವಲ್ಪ ಕಾಯಬಹುದು. ನೋವಿಲ್ಲದೆ ರಕ್ತ ಕಂಡರೆ ಒಂದು ನಿಮಿಷ ಕಾಯಬೇಡ, ಯಾರು ಹೇಳಿದರೂ ಕೇಳಬೇಡ,” ಎಂದಿದ್ದರು. ಆಗ ಗದ್ದ ಬಿಡಿಸಿಕೊಂಡಿದ್ದೆ. ಈಗ ಆ ಮಾತು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ಮಗು ಅಲುಗುತ್ತಿದೆಯೋ ಇಲ್ಲವೋ ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಎಂದು ಹಟ ಹಿಡಿದೆ.

ಅಪ್ಪ ಓಡಿಹೋಗಿ ಹೆದ್ದಾರಿಯಲ್ಲಿ ಬಳ್ಳಾರಿ ಕಡೆಯ ಒಂದು ಬಾಡಿಗೆ ಟ್ರ್ಯಾಕ್ಸ್ ಗಾಡಿಗೆ ಅಡ್ಡ ನಿಂತ. ಒಳಗೆ ಹದಿನೈದು ಜನ, ಮೇಲೆ ಬುಟ್ಟಿಗಳು. ವಿಷಯ ಕೇಳಿದ್ದೇ ತಡ ಎಲ್ಲರೂ ಇಳಿದರು. ಬುಟ್ಟಿಗಳನ್ನು ಅವರೇ ಇಳಿಸಿಕೊಂಡು ಬಿಸಿಲಲ್ಲಿ ರಸ್ತೆ ಬದಿ ನಿಂತರು. ಒಬ್ಬ ಮುದುಕಿ ತನ್ನ ಕಂಬಳಿಯನ್ನು ಸೀಟಿನ ಮೇಲೆ ಹಾಸಿ ಕೊಟ್ಟು ಹೋದಳು. ಆ ಕಂಬಳಿಯನ್ನು ವಾಪಸು ಕೊಡಲು ಅವಳ ಊರು ಯಾವುದೆಂದೂ ಕೇಳಲಾಗಲಿಲ್ಲ...

ರಾಂಪುರದಲ್ಲಿ ಅಪ್ಪ, ಇಲ್ಲಿಂದಲೇ ಅಳಿಯನ ಊರಿಗೆ ಫೋನ್ ಮಾಡಿಬಿಡುತ್ತೇನೆ, ಆ ರಕ್ತದವರನ್ನು ಕಳಿಸಲಿ ಎಂದು ಇಳಿಯಲು ಹೋದ. ಅವ್ವ ಅವನ ತೋಳು ಹಿಡಿದಳು. ಅವಳ ಲೆಕ್ಕವೇ ಬೇರೆ. ಮಡಿಲಕ್ಕಿ ಇರುವತನಕ ಆ ಮಾತು, ಅಕ್ಕಿಯನ್ನು ಬೇಯಿಸಿ ಉಂಡ ಮೇಲೆ ಅದು ಸಂದಾಯವಾದಂತೆ. ಇನ್ನು ಅದನ್ನು ಕೇಳುವುದೆಂದರೆ ಕೊಟ್ಟ ಪಾತ್ರೆ ಕೈಗೆ ವಾಪಸು ಬಂದಮೇಲೂ ಮತ್ತೆ ಕೊಡು ಅಂದಂತೆ. ಅದರಲ್ಲೂ ಹನ್ನೊಂದು ವರ್ಷದಿಂದ ಮಾತಿಲ್ಲದ ಮನುಷ್ಯನನ್ನು. ಬೀಗರ ಮಾನ ಹೋಗುವ ಕೆಲಸ ತಾನು ಮಾಡುವುದಿಲ್ಲ ಎಂದಳು. ಅಪ್ಪ ಸಾಧು. ಇಳಿದವನು ಮತ್ತೆ ಹತ್ತಿದ. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಮಗು ಒಮ್ಮೆ ಒದ್ದದ್ದು ಗೊತ್ತಾಯಿತು, ಆ ಒಂದು ಒದೆತಕ್ಕೆ ನೇತುಬಿದ್ದಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿ, ಕೂಸಿನ ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿದೆ, ಹೊಟ್ಟೆ ಕೊಯ್ದೇ ತೆಗೆಯಬೇಕು, ಆದರೆ ಇಷ್ಟು ರಕ್ತ ಹೋದ ಮೇಲೆ ರಕ್ತ ಕೈಯಲ್ಲಿ ಇಲ್ಲದೆ ಕೊಯ್ದರೆ ತಾಯಿ ಉಳಿಯುವುದು ಕಷ್ಟ ಎಂದರು. ಅವರ ಹತ್ತಿರ ಆ ಗುಂಪಿನದು ಅವತ್ತು ಇರಲಿಲ್ಲ. ಸದ್ಯಕ್ಕೆ ರಕ್ತ ಹೋಗುವುದು ಕಡಿಮೆಯಾಗಿದೆ, ಕಾಯಬಹುದಾದಷ್ಟು ಕಾಯುತ್ತೇನೆ, ಯಾರಾದರೂ ಇದ್ದಾರಾ ಎಂದು ಕೇಳಿದರು. ಅಪ್ಪ ಅವ್ವನ ಮುಖ ನೋಡಿದ. ಅವ್ವ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದಳು.

“ಒಬ್ರು ಅವ್ರೆ. ಫೋನ್ ಮಾಡಪ್ಪ,” ಎಂದೆ.

“ಯಾವ್ ಮಕ ಇಟ್ಕಂಡು ಕೇಳೋದೇ? ಅವ್ರ ಅಕ್ಕಿ ಬೇಯಿಸಿ ಉಂಡಾಗೈತಲ್ಲ,” ಎಂದಳು ಅವ್ವ, ಅಳುತ್ತಾ.

ಡಾಕ್ಟರಮ್ಮನಿಗೆ ಅಕ್ಕಿಯ ಸುದ್ದಿ ಏನೆಂದೇ ತಿಳಿಯಲಿಲ್ಲ. ನನಗೆ ಸಿಟ್ಟು ಬಂದು, ಉಂಡದ್ದು ನಾನೂ ಉಂಡಿದ್ದೀನಿ, ಬೈಸಿಕೊಳ್ಳೋದಿದ್ದರೆ ಬದುಕಿ ಬೈಸಿಕೊಳ್ತೀನಿ ಎಂದೆ. ಅಪ್ಪ ಹುಟ್ಟಿದ ಮೇಲೆ ಮೊದಲ ಸಲ ಅವ್ವನ ಮಾತು ಕೇಳದೆ ಎಸ್‌ಟಿಡಿ ಬೂತಿಗೆ ಓಡಿದ. ರಾಂಪುರದಿಂದಲೇ ಮಾಡಿದ್ದರೆ ಎರಡು ಗಂಟೆ ಉಳಿಯುತ್ತಿತ್ತು.

ಆ ಕಡೆ ಏನಾಯಿತೆಂದು ನಮ್ಮ ಮನೆಯವರು ಆಮೇಲೆ ಹೇಳಿದ್ದು. ಮೈದುನ ಜೀಪು ತೆಗೆದುಕೊಂಡು ಹಿರಿಯೂರಿಗೆ ಹೋಗಿದ್ದನಂತೆ, ನಾನು ತವರಲ್ಲಿರುವಾಗ ಜೀಪೇಕೆ ಎಂದು. ಕಿರಾಣಿ ಅಂಗಡಿಗೆ ಬಂದ ಫೋನನ್ನು ಇವರು ಎತ್ತಿದರು. ಎತ್ತಿದವರಿಗೆ ಗೋಡೆ ದಾಟಿ ಹೋಗಿ ಕೇಳಲು ಕಾಲು ಬರಲಿಲ್ಲ. ಸಿಸ್ಟರಮ್ಮನ ಹತ್ತಿರ ಓಡಿದರು. ಸಿಸ್ಟರಮ್ಮ ನೇರ ಭಾವನ ಅಂಗಳಕ್ಕೆ ನುಗ್ಗಿದರು. ಭಾವ ಕುರಿಯ ಉಣ್ಣೆ ಕತ್ತರಿಸುತ್ತಿದ್ದರು. ಅರ್ಧ ಕತ್ತರಿಸಿದ ಕುರಿಯನ್ನು ಹಾಗೇ ಬಿಟ್ಟು, ಕತ್ತರಿ ಕೆಳಗಿಟ್ಟು, ಅಂಗಿ ಹಾಕಿಕೊಳ್ಳುತ್ತಲೇ ಹೊರಟರಂತೆ. ಒಂದು ಪಕ್ಕ ಬೋಳು, ಒಂದು ಪಕ್ಕ ಉಣ್ಣೆಯ ಆ ಕುರಿ ಮೂರು ದಿನ ಊರೆಲ್ಲ ತಿರುಗಿ ನಗೆಪಾಟಲಾಯಿತು. ತಳಕಿನಲ್ಲಿ ಬಸ್ಸಿಗೆ ಕಾಯದೆ ಬಳ್ಳಾರಿಗೆ ಹೊರಟಿದ್ದ ಲಾರಿಯೊಂದನ್ನು ಸಿಸ್ಟರಮ್ಮ ಕೊಡೆ ಅಡ್ಡ ಹಿಡಿದು ನಿಲ್ಲಿಸಿದರು. ಕ್ಯಾಬಿನ್ನಿನಲ್ಲಿ ಒಂದು ಕಡೆ ನಮ್ಮ ಮನೆಯವರು, ಬಾಗಿಲ ಕಡೆ ಭಾವ, ನಡುವೆ ಬಿಳಿ ಸೀರೆಯ ಸಿಸ್ಟರಮ್ಮ. ಅಣ್ಣ ತಮ್ಮಂದಿರು ಇಬ್ಬರೂ ಎದುರಿನ ಗಾಜು ನೋಡಿಕೊಂಡು ಕೂತಿದ್ದರು. ಮೊಳಕಾಲ್ಮುರು ಕಡೆಯ ಹಾನಗಲ್ ದಾಟಿದ ಮೇಲೆ ಸಿಸ್ಟರಮ್ಮ, ರಕ್ತ ಕೊಡುವವರು ಹೀಗೆ ಒಣಗಿಕೊಂಡು ಬಂದರೆ ಆಗುವುದಿಲ್ಲ, ನೀರು ಕುಡಿಯಿರಿ ಎಂದರು. ಲಾರಿಯಲ್ಲಿದ್ದ ನೀರಿನ ಬಾಟಲಿ ಒಂದೇ. ಅದು ನಮ್ಮ ಮನೆಯವರ ಕೈಯಲ್ಲಿತ್ತು. ಇವರು ಮುಚ್ಚಳ ಬಿಚ್ಚಿ ಚಾಚಿದರು. ಭಾವ ಒಂದು ಗಳಿಗೆ ಬಾಟಲಿಯನ್ನೇ ನೋಡಿ, ತೆಗೆದುಕೊಂಡು, ಅರ್ಧ ಖಾಲಿ ಮಾಡಿ ವಾಪಸು ಕೊಟ್ಟರು. ಇವರು ಉಳಿದದ್ದನ್ನು ಕುಡಿದರು. ಬಳ್ಳಾರಿಯವರೆಗೂ ಅದಕ್ಕಿಂತ ಹೆಚ್ಚಿನ ಮಾತುಕತೆ ನಡೆಯಲಿಲ್ಲವಂತೆ.

ನನಗೆ ಆ ಮಧ್ಯಾಹ್ನ ಪೂರ್ತಿ ನೆನಪಿಲ್ಲ. ಮೇಲೆ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಕೈಗೆ ಸಲೈನು. ಮತ್ತೆ ಬಿಸಿಯಾಗಿ ಹರಿಯತೊಡಗಿದಾಗ ಓಡಾಟ ಶುರುವಾಯಿತು, ಇನ್ನು ಕಾಯುವುದು ಬೇಡ ಎಂದು ಯಾರೋ ಹೇಳಿದರು, ಗಾಲಿಯ ಮಂಚ ಅಲುಗಿತು... ಅಷ್ಟರಲ್ಲಿ ಬಾಗಿಲ ಹತ್ತಿರ ಕರಾವಳಿಯ ಗಟ್ಟಿ ದನಿ ಕೇಳಿಸಿತು. ರಕ್ತ ಬಂತು ಡಾಕ್ಟರೇ, ಇಗೊಳ್ಳಿ, ಎತ್ತರಕ್ಕೆ ನಿಂತಿದೆ ನೋಡಿ ಎನ್ನುತ್ತಿತ್ತು ಆ ದನಿ. ಅದನ್ನು ಕೇಳಿ ನನಗೆ ನಗು ಬಂತೆಂದು ಹೇಳಿದರೆ ಈಗಲೂ ಯಾರೂ ನಂಬುವುದಿಲ್ಲ.

ಕೂಸು ಹುಟ್ಟಿದಾಗ ಅಳಲಿಲ್ಲವಂತೆ. ಬೆನ್ನು ತಿಕ್ಕಿ, ಬಾಯಿ ಮೂಗು ಹೀರಿ, ಪುಟ್ಟ ಚೀಲದಿಂದ ಗಾಳಿ ಒತ್ತಿ ಅಳಿಸಿದರು. ಹೆಣ್ಣು. ಎರಡು ಕೆಜಿಗೆ ಸ್ವಲ್ಪ ಕಡಿಮೆ. ನನಗೆ ಎಚ್ಚರವಾದಾಗ ಅದು ಅವ್ವನ ತೊಡೆಯ ಮೇಲೆ ಬೆಕ್ಕಿನ ಮರಿಯಂತೆ ಕುಂಯ್‌ಗುಟ್ಟುತ್ತಿತ್ತು. ನನ್ನ ತೋಳಿನಲ್ಲಿ ಗೋಡೆಯಾಚೆಯ ಮನೆಯ ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು.

ಮೊಣಕೈಗೆ ಹತ್ತಿ ಅಂಟಿಸಿಕೊಂಡಿದ್ದ ಭಾವ ಬಾಗಿಲಾಚೆಯ ಬೆಂಚಿನ ಮೇಲೆ ಕೂತಿದ್ದರು. ಅವ್ವ ಕೂಸನ್ನು ಎತ್ತಿಕೊಂಡು ಅವರ ಮುಂದೆ ಹೋಗಿ ನಿಂತಳು. ತಪ್ಪು ಒಪ್ಪಿಕೊಳ್ಳದೆ ಅವಳಿಗೆ ನಿದ್ದೆ ಬರುವಂತಿರಲಿಲ್ಲ. ಆ ಅಕ್ಕಿಯನ್ನು ಆಗಲೇ ಬೇಯಿಸಿಬಿಟ್ಟಿದ್ದೆವು, ಪಾಯಸ ಮಾಡಿ ಕೇರಿಗೆಲ್ಲ ಹಂಚಿದ್ದೆವು, ಮಾತು ಮುಗಿದಿತ್ತು, ಆದರೂ ಹೇಳಿಕಳಿಸಿದೆವು, ಏನೂ ತಿಳಿದುಕೊಳ್ಳಬೇಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಭಾವ ತಲೆಯೆತ್ತಿ ನೋಡಿದರು.

“ಉಂಡ್ರಾ?” ಎಂದರು. “ಹಂಗಾರೆ ನಾನ್ ಬರ್ಲೇಬೇಕಿತ್ತು. ನನ್ ಕೈ ಅಕ್ಕಿ ಉಂಡ ಮನೆಗೆ ಇಲ್ಲ ಅನ್ನಕ್ಕಾಗ್ತೈತೇನ್ರಿ ಅಕ್ಕಾರೆ?”

ಹನ್ನೊಂದು ವರ್ಷ ಒಬ್ಬರ ಅನ್ನ ಒಬ್ಬರು ಮುಟ್ಟದ ಮನೆಗಳು. ಅವ್ವ ಗೊತ್ತಿಲ್ಲದೆ ಆ ಕಟ್ಟನ್ನು ಬೆಲ್ಲ ಹಾಕಿ ಬೇಯಿಸಿ ಉಂಡಿದ್ದಳು, ನಾನು ಎರಡು ಲೋಟ ಕುಡಿದಿದ್ದೆ. ನಮ್ಮ ಮನೆಯವರು ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಂಡರು.

ಅಂದು ಸಂಜೆ ಸಿಸ್ಟರಮ್ಮ ನನ್ನ ಮಂಚದ ತುದಿಯಲ್ಲಿ ಬಂದು ಕೂತರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಸೀರೆಯ ಮೇಲೆ ಲಾರಿಯ ಗ್ರೀಸು ಹತ್ತಿತ್ತು, ಅದನ್ನು ಉಗುರಿನಿಂದ ಕೆರೆಯುತ್ತಾ, “ತಪ್ಪು ನನ್ನದೇ ಮಾರಾಯ್ತಿ,” ಎಂದರು. “ಕೀಲಿ ನೆನಪಾಯಿತು, ರಕ್ತ ನೆನಪಾಯಿತು. ಅಕ್ಕಿ ಎಂದರೆ ಬೇಯಿಸಲಿಕ್ಕೆ ಇರುವುದು ಅಂತ ಹೊಳೆಯಲೇ ಇಲ್ಲ.” ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಅವರ ಕೈ ಹಿಡಿದುಕೊಂಡೆ. ಥ್ಯಾಂಕ್ಸ್ ಎನ್ನುವುದು ನಮ್ಮ ಕಡೆ ಅಭ್ಯಾಸವಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಎರಡು ಮನೆಯವರು ತಬ್ಬಿಕೊಂಡು ಬಾಳಿದೆವು ಎಂದೇನೂ ಅಲ್ಲ. ಬೇವಿನ ಮರದ ತಕರಾರು ಇವತ್ತಿಗೂ ಹಾಗೇ ಇದೆ. ಆದರೆ ಭಾವ ಗೋಡೆಯ ಮೇಲಿಂದ ಕೂಸನ್ನು ಈಸಿಕೊಂಡು ಕುರಿಮರಿ ತೋರಿಸಲು ಒಯ್ಯುತ್ತಿದ್ದರು. ಸಾರು ಹೆಚ್ಚಾದರೆ ಬಟ್ಟಲು ಆ ಕಡೆ ಈ ಕಡೆ ಓಡಾಡುತ್ತಿತ್ತು. ಸಿಸ್ಟರಮ್ಮನಿಗೆ ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ವರ್ಷಕ್ಕೆ ವರ್ಗವಾಯಿತು. ಅವರು ಹೊರಟ ದಿನ ನಾನು ಮೊಳಕಾಲ್ಮುರಿನಲ್ಲಿ ತಂಗಿಯ ಮದುವೆಯ ರೇಷ್ಮೆ ಸೀರೆ ಆರಿಸುತ್ತಾ ಕೂತಿದ್ದೆ. ವಾಪಸು ಬಂದರೆ ಆ ಕೋಣೆಗೆ ಬೀಗ. ಮಗಳಿಗೆಂದು ಒಂದು ಬಾಟಲಿ ಟಾನಿಕ್ ಅತ್ತೆಯ ಕೈಯಲ್ಲಿ ಕೊಟ್ಟು ಹೋಗಿದ್ದರು, ತಾಯಿಯನ್ನು ನಂಬಬೇಡಿ, ನೀವೇ ಕುಡಿಸಿ ಎಂದು ಹೇಳಿ. ಮೂರು ವರ್ಷದ ಹಿಂದೆ ತಳಕಿನ ಆಸ್ಪತ್ರೆಯಲ್ಲಿ ಅವರ ಜೊತೆ ಕೆಲಸ ಮಾಡಿದ್ದವರೊಬ್ಬರು ಸಿಕ್ಕರು. ಸಿಸ್ಟರಮ್ಮ ತಮ್ಮ ಊರಿನಲ್ಲೇ ತೀರಿಕೊಂಡರೆಂದು ಅವರಿಂದ ತಿಳಿಯಿತು. ಮನೆಗೆ ಬಂದು ಅಡುಗೆ ಮಾಡಿದೆ.

ಹೋದ ತಿಂಗಳು ಪರಶುರಾಂಪುರದಲ್ಲಿ ಮಗಳ ಕುಬುಸವಾಯಿತು. ಬೀಗರು ಧಾರಾಳದ ಜನ, ಮನೆ ತುಂಬ ನೆಂಟರು. ಮುತ್ತೈದೆಯರು ಮಡಿಲಕ್ಕಿ ಹಾಕಿ ಮುಗಿಸಿದ ಮೇಲೆ ನಾನು ಎದ್ದು ನಿಂತು, ಕಾರು ಯಾರದು, ಕೀಲಿ ಎಲ್ಲಿರುತ್ತದೆ, ಇವಳ ಗುಂಪಿನ ರಕ್ತ ಯಾರದಿದೆ ಎಂದು ಕೇಳಿಬಿಟ್ಟೆ. ಮಗಳ ಮುಖ ನಾಚಿಕೆಯಿಂದ ಕೆಂಪಾಯಿತು. ಅಳಿಯ, ಒಂದು ಸಲ ನೂರೆಂಟು ಒತ್ತಿದರೆ ಆಂಬುಲೆನ್ಸ್ ಮನೆ ಮುಂದೆ ಬರುತ್ತದಲ್ಲ ಅತ್ತೆ ಎಂದ. ಗಾಡಿ ಬರುತ್ತದಪ್ಪ, ರಕ್ತ ಬರುತ್ತದಾ ಎಂದೆ. ಅವನ ತಮ್ಮ ನಗುತ್ತಲೇ ಬಂದು ಒಂದು ಹಿಡಿ ಅಕ್ಕಿ ಹಾಕಿ, ನನ್ನದು ಅದೇ ಗುಂಪು, ಕರೆದಾಗ ಬರುತ್ತೇನೆ ಎಂದ. ನಮ್ಮ ಕಡೆಯಿಂದ ಹೋಗಿದ್ದ ಇಬ್ಬರಿಂದಲೂ ಅಕ್ಕಿ ಹಾಕಿಸದೆ ಬಿಡಲಿಲ್ಲ.

ಗಂಟು ಕಟ್ಟಿ ಹೊರಡುವಾಗ ಅಳಿಯನ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಎಂಬತ್ತು ದಾಟಿದ ಜೀವ, ನನ್ನ ಬೀಗತನಕ್ಕೆಲ್ಲ ಹೆದರುವವರಲ್ಲ.

“ಈ ಮಡ್ಲಕ್ಕಿ ಹೋದ್ ತಕ್ಷಣ ಬೇಯಿಸ್ಬಿಟ್ಟೀಯಾ ಮತ್ತೆ,” ಎಂದರು. “ಕೂಸು ಕೈಗೆ ಬರೋಗಂಟ ಗಂಟು ಬಿಚ್ಚಬಾರ್ದು. ನಮ್ ಹಿರೇರು ಮಾಡಿಟ್ಟಿದ್ದು.”

ಯಾವ ಹಿರಿಯರಜ್ಜಿ ಎಂದು ಕೇಳಿದೆ. ಅದೆಲ್ಲ ಯಾರಿಗೆ ಗೊತ್ತು, ನಮ್ಮ ಕಿರಿ ಸೊಸೆ ತಂದ ಪದ್ಧತಿ, ಅವಳ ತವರಲ್ಲಿ ಮೊದಲಿಂದ ಹಂಗೇ ಐತಂತೆ ಎಂದರು.

ಮೊದಲಿಂದ ಇರಲಿಲ್ಲ. ನಾನು ಕೂಸನ್ನು ಎತ್ತಿಕೊಂಡು ಊರಿಗೆ ಮರಳಿದ ತಿಂಗಳು, ಸಿಸ್ಟರಮ್ಮ ಮೊಪೆಡ್ಡಿನಲ್ಲಿ ಸುತ್ತಲಿನ ಹಳ್ಳಿಗಳ ಬಸುರಿಯರ ಮನೆಗಳಿಗೆಲ್ಲ ಹೋಗಿ, ಕೂಸು ಹುಟ್ಟುವವರೆಗೆ ಮಡಿಲಕ್ಕಿಯ ಗಂಟು ಬಿಚ್ಚಬೇಡಿ ಎಂದು ಹೇಳಿ ಬಂದಿದ್ದರು. ಮುಂದಿನ ಕುಬುಸದಿಂದ ಆ ಗಂಟನ್ನು ತಾವೇ ಕಟ್ಟತೊಡಗಿದರು. ಆ ಹೆಣ್ಣುಮಕ್ಕಳು ಅದನ್ನು ತವರಿಗೆ ಒಯ್ದರು, ಅವರ ತಂಗಿಯರು, ನಾದಿನಿಯರು ತಾವು ಸೇರಿದ ಮನೆಗಳಿಗೆ ಒಯ್ದರು. ಹೀಗೆ ಪರಶುರಾಂಪುರದವರೆಗೂ ಬಂದಿದೆ. ಆ ಮನೆಯವರಲ್ಲಿ ಒಬ್ಬರೂ ಸಿಸ್ಟರಮ್ಮನನ್ನು ನೋಡಿದವರಲ್ಲ. ಅಜ್ಜಿ ಹೇಳಿದ ಹಿರಿಯರಿಗೆ ಆಗ ಮೂವತ್ತೆರಡೋ ಮೂವತ್ತಮೂರೋ ವರ್ಷ.

ಆಗಲಿ ಅಜ್ಜಿ, ಹಿರಿಯರು ಹೇಳಿದ ಮೇಲೆ ಮೀರುವುದುಂಟೇ ಎಂದು ಕಾಲಿಗೆ ನಮಸ್ಕಾರ ಮಾಡಿ ಹೊರಟೆ. ಸಿಸ್ಟರಮ್ಮ ತೀರಿಕೊಂಡ ಸುದ್ದಿ ಕೇಳಿದ ದಿನ ನನಗೆ ಅಳು ಬಂದಿರಲಿಲ್ಲ. ಕುಬುಸ ಮುಗಿಸಿ ಬರುವ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಯಾಕವ್ವ ಏನಾಯ್ತವ್ವ ಎಂದು ಮಗಳು ಕೇಳುತ್ತಿದ್ದರೂ ಚಳ್ಳಕೆರೆಯವರೆಗೂ ಅಳುತ್ತಾ ಬಂದೆ.